ಬುತ್ತಿ ಕಟ್ಟಿಕೊಂಡು ಹೊರಟರೆ ಸಾಕು, ಮನೆಬಾಗಿಲಲ್ಲೇ ಇದೆ ಇತಿಹಾಸ

ಮುಂಬಯಿ: ಫೋರ್ಟ್ ಪರಿಸರದ ಹೊಟೇಲೊಂದರಲ್ಲಿ ನಲವತ್ತು ವರ್ಷ ದುಡಿದ ಹಿರಿಯರೊಬ್ಬರು ಈಗ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿ ವಿಶ್ರಾಂತ ಜೀವನ ನಡೆಸುತ್ತಿದ್ದಾರೆ. ಕುಂದಾಪುರ ಕಡೆಯ ಹಳ್ಳಿಯಿಂದ ಹದಿಮೂರರ ಹರೆಯದಲ್ಲಿ ಮುಂಬಯಿಗೆ ಬಂದವರು. ಹಗಲು ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮುಂದೆ ಗಲ್ಲಾದಲ್ಲಿ ಕೂರುವ ತನಕ ಬೆಳೆದವರು. ಗೇಟ್‌ವೇ ಆಫ್ ಇಂಡಿಯಾ ಅವರ ಹೊಟೇಲಿನಿಂದ ನಡೆದೇ ಹೋಗುವಷ್ಟು ಹತ್ತಿರ. ಎಲಿಫೆಂಟಾ ನೋಡಲು ಹೊರಟ ಎಷ್ಟೋ ಪ್ರವಾಸಿಗರಿಗೆ ಬೆಳಿಗ್ಗೆ ಇಡ್ಲಿ, ಚಹಾ ಕೊಟ್ಟು ಕಳಿಸಿದ್ದಾರೆ. ತಾವು ಮಾತ್ರ ಒಮ್ಮೆಯೂ ದೋಣಿ ಹತ್ತಲಿಲ್ಲ.

ಕಳೆದ ಚಳಿಗಾಲದಲ್ಲಿ ಮೊಮ್ಮಗ ಶಾಲೆಯ ಪುಸ್ತಕದಲ್ಲಿದ್ದ ಮೂರು ಮುಖದ ಶಿವನ ಚಿತ್ರ ತೋರಿಸಿ, "ಅಜ್ಜ, ನೀವು ಇದನ್ನು ನೋಡಿದ್ದೀರಾ?" ಎಂದು ಕೇಳಿದ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಮಗಾ, ಪುರ್ಸೊತ್ತೇ ಸಿಕ್ಲಿಲ್ಲ" ಎಂದರು. ಪಕ್ಕದಲ್ಲೇ ಕುಳಿತು ಪೇಪರ್ ಓದುತ್ತಿದ್ದ ಮಗನಿಗೆ ಆ ಮಾತು ತಾಗಿತು. ಮುಂದಿನ ರವಿವಾರವೇ ಹೋಗುವುದೆಂದು ಮನೆಯಲ್ಲಿ ನಿಶ್ಚಯವಾಯಿತು.

ಇದು ಒಂದು ಮನೆಯ ಕಥೆಯಾದರೂ ಮುಂಬಯಿಯ ಸಾವಿರಾರು ತುಳು-ಕನ್ನಡಿಗರ ಮನೆಗಳ ಕಥೆಯೂ ಹೌದು. ಹೊಟೇಲು, ಕ್ಯಾಂಟೀನು, ಬ್ಯಾಂಕು, ಮಿಲ್ಲು, ಕಾರ್ಖಾನೆ ಎಂದು ದುಡಿದ ಹಿಂದಿನ ತಲೆಮಾರಿಗೆ ಈ ಮಹಾನಗರ ಕರ್ಮಭೂಮಿಯಾಗಿತ್ತೇ ಹೊರತು ಕಣ್ತುಂಬ ನೋಡುವ ಊರಾಗಿರಲಿಲ್ಲ. ರಜೆ ಸಿಕ್ಕರೆ ಊರು. ಊರಿಗೆ ಹೋದರೆ ನಾಗಬನ, ದೈವಸ್ಥಾನ, ನೆಂಟರ ಮನೆ. ಮುಂಬಯಿಗೆ ಮರಳಿದರೆ ಮತ್ತೆ ಅದೇ ಲೋಕಲ್ ರೈಲು. ಈಗಿನ ತಲೆಮಾರಿಗೆ ವಾರದ ರಜೆ ಇದೆ. ಬ್ಯಾಂಕಿನವರಿಗೆ 2015ರಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರವೂ ರಜೆ. ಆದರೆ ಆ ರಜೆಯೂ ಮದುವೆ, ಸೀಮಂತ, ಸಂಘದ ಮಹಾಸಭೆ, ಸತ್ಯನಾರಾಯಣ ಪೂಜೆ, ತಾಳಮದ್ದಳೆ ಎಂದು ಹಂಚಿಹೋಗುತ್ತದೆ. ಉಳಿದ ರವಿವಾರ ಮಾಲ್‌ಗಳ ಪಾಲು.

ಹೀಗಿರುವಾಗ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬಹುದಾದ ಒಂದು ದಿನದ ಪ್ರವಾಸಕ್ಕೆ ಬೇರೆಯೇ ಬೆಲೆಯಿದೆ. ಮುಂಬಯಿ ಸುತ್ತಲಿನ ಕೆಲವು ತಾಣಗಳಲ್ಲಿ ಕನ್ನಡನಾಡಿನ ಹೆಸರೂ ಕಲ್ಲಿನಲ್ಲಿ ಉಳಿದಿದೆ ಎಂಬುದು ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ತಿಳಿಯಬೇಕಾದ ವಿಷಯ. ಇದು ಯಾವ ನೆಲ ಯಾರದೆಂಬ ವಾದಕ್ಕಲ್ಲ. ಕನ್ನಡವೆಂದರೆ ಮೇ ತಿಂಗಳ ರಜೆಯಲ್ಲಿ ಹೋಗಿ ಬರುವ ದೂರದ ಊರು ಮಾತ್ರ ಎಂಬ ಭಾವನೆ ಮಕ್ಕಳ ಮನಸ್ಸಿನಿಂದ ಹೋಗಲಿ ಎಂಬುದಕ್ಕೆ.

ಬೊರಿವಲಿಯ ಕಾಡಿನಲ್ಲಿ ನೃಪತುಂಗನ ಹೆಸರು

ಮೊದಲು ಹೋಗಬೇಕಾದದ್ದು ಕಾನ್ಹೇರಿ ಗುಹೆಗಳಿಗೆ. ಬೊರಿವಲಿ ಪೂರ್ವದಲ್ಲಿ ರೈಲ್ವೆ ಸ್ಟೇಶನ್‌ನಿಂದ ಸ್ವಲ್ಪ ದೂರದಲ್ಲೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು. ನೂರು ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರದ ಈ ಕಾಡಿನಲ್ಲಿ ಇಂದಿಗೂ ಚಿರತೆಗಳಿವೆ. ಮುಂಬಯಿಗೆ ನೀರುಣಿಸುವ ತುಳಸಿ ಮತ್ತು ವಿಹಾರ್ ಸರೋವರಗಳಿವೆ. ಗೇಟಿನಿಂದ ಐದಾರು ಕಿಲೋಮೀಟರ್ ಒಳಗೆ ಹೋದರೆ ಕಪ್ಪು ಬಂಡೆಯ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಗುಹೆಗಳು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಹೊತ್ತಿಗೆ ಆರಂಭವಾದ ಈ ಬೌದ್ಧ ನೆಲೆ ಸಾವಿರ ವರ್ಷ ಬಾಳಿತು. ಕೃಷ್ಣಗಿರಿ ಎಂಬುದೇ ಪ್ರಾಕೃತದಲ್ಲಿ ಕಾಣ್ಹಗಿರಿಯಾಗಿ, ಈಗ ಕಾನ್ಹೇರಿಯಾಗಿದೆ.

ಮೂರನೆಯ ಗುಹೆಯ ಚೈತ್ಯಗೃಹ, ಅದರ ಮೊಗಸಾಲೆಯಲ್ಲಿ ನಿಂತಿರುವ ಎತ್ತರದ ಬುದ್ಧಮೂರ್ತಿಗಳು ಎಲ್ಲರ ಕಣ್ಣಿಗೆ ಬೀಳುತ್ತವೆ. ಆದರೆ ಕನ್ನಡಿಗರು ತಪ್ಪದೆ ನಿಲ್ಲಬೇಕಾದದ್ದು ದರ್ಬಾರ್ ಗುಹೆಯ ಮುಂದೆ. ಅಲ್ಲಿರುವ ಶಾಸನಗಳಲ್ಲಿ ಒಂದು ಶಕ 775ರದು, ಅಂದರೆ ಕ್ರಿ.ಶ. 853ರ ಸುಮಾರಿನದು. ರಾಷ್ಟ್ರಕೂಟ ದೊರೆ ಅಮೋಘವರ್ಷ ಆಳುತ್ತಿದ್ದಾಗ, ಅವನ ಸಾಮಂತನಾಗಿ ಕೊಂಕಣವನ್ನು ನೋಡಿಕೊಳ್ಳುತ್ತಿದ್ದ ಶಿಲಾಹಾರ ವಂಶದ ಕಪರ್ದಿಯ ಕಾಲದಲ್ಲಿ ಬರೆಸಿದ್ದು.

ಅಮೋಘವರ್ಷನೆಂದರೆ ನೃಪತುಂಗ. ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ 814ರಿಂದ 878ರ ತನಕ ಆಳಿದವನು. ಇಂದು ಉಪಲಬ್ಧವಿರುವ ಕನ್ನಡದ ಮೊದಲ ಕೃತಿ 'ಕವಿರಾಜಮಾರ್ಗ' ರೂಪುಗೊಂಡದ್ದು ಇವನ ಆಸ್ಥಾನದಲ್ಲಿ, ಶ್ರೀವಿಜಯನಿಂದ. ಕನ್ನಡನಾಡಿನ ಎಲ್ಲೆಯನ್ನು ಕಾವೇರಿ ಮತ್ತು ಗೋದಾವರಿ ನದಿಗಳ ನಡುವೆ ಗುರುತಿಸಿದ ಕೃತಿ ಅದು. ಅದು ರಚನೆಯಾಗುತ್ತಿದ್ದ ಕಾಲದಲ್ಲೇ ಅದೇ ದೊರೆಯ ಹೆಸರು ಬೊರಿವಲಿಯ ಗುಡ್ಡದಲ್ಲೂ ಕಲ್ಲಿಗೇರುತ್ತಿತ್ತು. ಶಾಸನದ ಭಾಷೆ ಕನ್ನಡವಲ್ಲ, ಸಂಸ್ಕೃತ. ಅದರಿಂದ ಅದರ ಮಹತ್ವವೇನೂ ಕಡಿಮೆಯಾಗುವುದಿಲ್ಲ.

ಈ ಶಾಸನಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಲೆಕ್ಕಪತ್ರ ಬಲ್ಲವರಿಗೆ ಅದು ಬೇಗ ಹಿಡಿಸುತ್ತದೆ. ಕಾನ್ಹೇರಿಯ ಹಳೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು 'ಅಕ್ಷಯನೀವಿ'. ದಾನಿಯೊಬ್ಬ ಇಷ್ಟು ಹಣವೆಂದು ಇಡುತ್ತಾನೆ. ಅಸಲನ್ನು ಮುಟ್ಟುವಂತಿಲ್ಲ, ಅದರ ಬಡ್ಡಿಯಿಂದ ಭಿಕ್ಷುಗಳಿಗೆ ವರ್ಷವರ್ಷ ಬಟ್ಟೆ ಕೊಡಬೇಕು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಫಿಕ್ಸೆಡ್ ಡಿಪಾಸಿಟ್. ಊರಿನ ದೇವಸ್ಥಾನದಲ್ಲಿ ಶಾಶ್ವತ ಪೂಜೆಗೆಂದು, ಸಂಘದಲ್ಲಿ ವಿದ್ಯಾರ್ಥಿವೇತನಕ್ಕೆಂದು ದತ್ತಿನಿಧಿ ಇಡುವವರು ಮಾಡುವುದೂ ಇದನ್ನೇ. ರಾಷ್ಟ್ರಕೂಟರ ಕಾಲಕ್ಕೆ ಬಂದಾಗ ಹಣದ ಹೆಸರು ದ್ರಮ್ಮ. ಪೂಜೆಗೆ, ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ ಮಾತ್ರವಲ್ಲದೆ ಪುಸ್ತಕಗಳಿಗೆಂದೂ ಹಣ ತೆಗೆದಿಟ್ಟದ್ದು ಇಲ್ಲಿ ದಾಖಲಾಗಿದೆ. ಮುಂಬಯಿಯ ಕನ್ನಡ ಶಾಲೆಗಳೂ ವಾಚನಾಲಯಗಳೂ ಮಕ್ಕಳಿಲ್ಲದೆ, ಓದುಗರಿಲ್ಲದೆ ಸೊರಗುತ್ತಿರುವ ದಿನಗಳಲ್ಲಿ ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಿನ ಆ ಲೆಕ್ಕದ ಮುಂದೆ ಎರಡು ನಿಮಿಷ ನಿಂತು ಬಂದರೆ ನಷ್ಟವೇನೂ ಇಲ್ಲ.

ಅಂದ ಹಾಗೆ ಕಾನ್ಹೇರಿಗೆ ಬರೇ ನೋಡಲೆಂದು ಬಂದವರು ಹಿಂದೆಯೂ ಇದ್ದರು. 1009 ಮತ್ತು 1021ರಲ್ಲಿ ಇಲ್ಲಿಗೆ ಬಂದ ಪಾರ್ಸಿಗಳು ತಮ್ಮ ಹೆಸರುಗಳನ್ನು ಪಹ್ಲವಿ ಭಾಷೆಯಲ್ಲಿ ಒಂದು ಗುಹೆಯಲ್ಲಿ ಕೆತ್ತಿಸಿದ್ದಾರೆ. ಅದು ಇಂದು ಇತಿಹಾಸ. ಹಾಗೆಂದು ಈಗಿನವರು ಗೋಡೆಯ ಮೇಲೆ ಹೆಸರು ಗೀಚಿದರೆ ಅದು ಶಿಕ್ಷಾರ್ಹ ಅಪರಾಧ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಘಾರಾಪುರಿಯೇ ಪುಲಕೇಶಿಯ ಪುರಿಯೇ?

ಎರಡನೆಯ ತಾಣ ಎಲಿಫೆಂಟಾ. ಸ್ಥಳೀಯರ ಬಾಯಲ್ಲಿ ಘಾರಾಪುರಿ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ದ್ವೀಪದಲ್ಲಿದ್ದ ಕಲ್ಲಿನ ಆನೆಯನ್ನು ನೋಡಿ ಪೋರ್ಚುಗೀಸರು ಎಲಿಫೆಂಟಾ ಎಂಬ ಹೆಸರಿಟ್ಟರು. ಆ ಆನೆ ಈಗ ಬೈಕಲಾದ ಜೀಜಾಮಾತಾ ಉದ್ಯಾನದಲ್ಲಿದೆ. 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ದ್ವೀಪದ ಹಳ್ಳಿಗಳಿಗೆ ಸಮುದ್ರದಡಿಯ ಕೇಬಲ್ ಮೂಲಕ ಕಾಯಂ ವಿದ್ಯುತ್ ಬಂದದ್ದು 2018ರಲ್ಲಿ ಮಾತ್ರ.

ಆರನೆಯ ಶತಮಾನದ ನಡುಭಾಗದಲ್ಲಿ ಕೊರೆದದ್ದೆಂದು ವಿದ್ವಾಂಸರು ಹೇಳುವ ಮುಖ್ಯ ಗುಹೆಯ ಹಿಂಗೋಡೆಯಲ್ಲಿ ಹೆಚ್ಚುಕಡಿಮೆ ಇಪ್ಪತ್ತು ಅಡಿ ಎತ್ತರದ ಸದಾಶಿವ ಮೂರ್ತಿ ಇದೆ. ಜನ ಅದನ್ನು ತ್ರಿಮೂರ್ತಿ ಎನ್ನುತ್ತಾರೆ. ಸುತ್ತಲೂ ಅರ್ಧನಾರೀಶ್ವರ, ಗಂಗಾಧರ, ಶಿವಪಾರ್ವತಿಯರ ಕಲ್ಯಾಣ, ಅಂಧಕಾಸುರ ವಧೆ, ಕೈಲಾಸ ಎತ್ತಲು ಹೊರಟ ರಾವಣ. ಯಕ್ಷಗಾನ ನೋಡಿ ಬೆಳೆದ ಹಿರಿಯರಿಗೆ ಇಲ್ಲಿ ಗೈಡ್ ಬೇಡ. ಒಂದೊಂದು ಪ್ರಸಂಗವನ್ನೂ ಅವರೇ ಮೊಮ್ಮಕ್ಕಳಿಗೆ ಹೇಳಬಲ್ಲರು.

ಕನ್ನಡನಾಡಿನ ಸಂಬಂಧ ಇಲ್ಲಿಯೂ ಇದೆ. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಮೇಗುತಿ ಬಸದಿಯಲ್ಲಿ 634ರ ಶಾಸನವೊಂದಿದೆ. ಕವಿ ರವಿಕೀರ್ತಿ ಅದರಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಬಣ್ಣಿಸಿದ್ದಾನೆ. ಕೊಂಕಣದ ಮೌರ್ಯರನ್ನು ಗೆದ್ದ ಪುಲಕೇಶಿ ಪಡುಗಡಲಿನ ಸಿರಿಯಂತಿದ್ದ 'ಪುರಿ' ಎಂಬ ಪಟ್ಟಣವನ್ನು ನೂರಾರು ನಾವೆಗಳೊಂದಿಗೆ ಮುತ್ತಿದನೆಂದು ಅಲ್ಲಿ ಹೇಳಿದೆ. ಆ ಪುರಿ ಈ ಘಾರಾಪುರಿಯೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಜಂಜೀರಾ ಸಮೀಪದ ರಾಜಪುರಿ ಇರಬೇಕೆಂದು ಹೇಳುವವರೂ ಇದ್ದಾರೆ. ವಾದ ಏನೇ ಇರಲಿ, ಬಾದಾಮಿಯ ಸೈನ್ಯ ಈ ಕರಾವಳಿಯ ಸಮುದ್ರಕ್ಕೆ ಇಳಿದಿತ್ತೆಂಬುದಕ್ಕೆ ಐಹೊಳೆಯ ಕಲ್ಲೇ ಸಾಕ್ಷಿ. ಬಾದಾಮಿಯ ಗುಹೆಗಳನ್ನು ಕಂಡವರು ಘಾರಾಪುರಿಯ ಕಂಬಗಳ ನಡುವೆ ನಿಂತರೆ, ಹೆಚ್ಚು ಅಂತರವಿಲ್ಲದ ಕಾಲದಲ್ಲಿ ಎರಡೂ ಕಡೆ ಉಳಿಗಳು ಸದ್ದು ಮಾಡುತ್ತಿದ್ದವು ಎಂಬುದು ನೆನಪಾಗದೆ ಇರದು. ಬಾದಾಮಿಯ ಮೂರನೆಯ ಗುಹೆಯ ಶಾಸನದ ವರ್ಷ 578.

ದೋಣಿಯಿಂದ ಇಳಿದ ಮೇಲೆ ಪುಟ್ಟ ರೈಲೊಂದು ಮೆಟ್ಟಿಲುಗಳ ಬುಡದ ತನಕ ಒಯ್ಯುತ್ತದೆ. ಮೆಟ್ಟಿಲುಗಳು ಸುಮಾರು 120. ಏರಲಾಗದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವವರು ಇದ್ದಾರೆ.

ಬನವಾಸಿಯ ಶೆಟ್ಟಿ ಕಟ್ಟಿಸಿದ ಕಾರ್ಲಾ

ಮೂರನೆಯ ತಾಣಕ್ಕೆ ಸ್ವಲ್ಪ ಬೇಗ ಏಳಬೇಕು. ಪುಣೆಯ ಕಡೆ ಹೋಗುವ ರೈಲಿನಲ್ಲಿ ಲೋಣಾವಳದಲ್ಲಿ ಇಳಿದು, ಅಲ್ಲಿಂದ ಪುಣೆ ಲೋಕಲ್ ಹಿಡಿದರೆ ಮುಂದಿನ ಸ್ಟೇಶನ್ ಮಳವಲಿ. ರೈಲಿನ ಒಂದು ಬದಿಗೆ ಕಾರ್ಲಾ ಗುಡ್ಡ, ಇನ್ನೊಂದು ಬದಿಗೆ ಭಾಜೆ ಗುಹೆಗಳು ಮತ್ತು ಲೋಹಗಡ ಕೋಟೆ. ಭೋರ್ ಘಾಟಿಯ ಸುರಂಗಗಳನ್ನು ದಾಟುವ ರೈಲು ಪ್ರಯಾಣವೇ ಮಕ್ಕಳಿಗೆ ಅರ್ಧ ಪ್ರವಾಸ. ಕರ್ಜತ್‌ನಲ್ಲಿ ಹಿಂದಿನಿಂದ ಎಂಜಿನ್ ಜೋಡಿಸುವುದನ್ನು ನೋಡಲು ಕಿಟಕಿಗೆ ಮುಗಿಬೀಳುತ್ತಾರೆ.

ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಏರಿದರೆ ಏಕವೀರಾ ದೇವಿಯ ಗುಡಿ. ಕೋಳಿ ಸಮಾಜದವರು ಮತ್ತಿತರ ಅನೇಕರು ನಂಬಿಕೊಂಡು ಬಂದ ಈ ದೇವಿಯ ಸನ್ನಿಧಿಯಲ್ಲಿ ಚೈತ್ರಮಾಸದಲ್ಲೂ ನವರಾತ್ರಿಯಲ್ಲೂ ಭಾರೀ ಜನಸಂದಣಿ. ಗುಡಿಯ ಪಕ್ಕದಲ್ಲೇ ಬಂಡೆ ಕೊರೆದು ಮಾಡಿದ ಚೈತ್ಯಗೃಹ. ಭಾರತದ ಅತಿ ದೊಡ್ಡ ಚೈತ್ಯಗೃಹಗಳಲ್ಲಿ ಇದೂ ಒಂದು. ಎರಡೂ ಕಡೆ ಸಾಲುಗಂಬಗಳು, ಕಂಬದ ತಲೆಯಲ್ಲಿ ಆನೆಯೇರಿದ ಜೋಡಿಗಳು, ಕೊನೆಯಲ್ಲಿ ಸ್ತೂಪ. ಛಾವಣಿಗೆ ಹೊಂದಿಸಿದ ಮರದ ಕಮಾನುಗಳು ಎರಡು ಸಾವಿರ ವರ್ಷಗಳಾದರೂ ಉಳಿದಿರುವುದು ಎಲ್ಲರನ್ನೂ ಬೆರಗುಗೊಳಿಸುತ್ತದೆ.

ಈ ಚೈತ್ಯದ ಮೊಗಸಾಲೆಯಲ್ಲಿ ಬ್ರಾಹ್ಮಿ ಲಿಪಿಯ ಒಂದು ಪ್ರಾಕೃತ ಶಾಸನವಿದೆ. ವೈಜಯಂತಿಯ ಸೆಟ್ಠಿ ಭೂತಪಾಲನು ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದನೆಂಬುದು ಅದರ ಅರ್ಥ. ವೈಜಯಂತಿ ಎಂದರೆ ಉತ್ತರ ಕನ್ನಡ ಜಿಲ್ಲೆಯ ಬನವಾಸಿಯೆಂದೇ ಹೆಚ್ಚಿನ ವಿದ್ವಾಂಸರು ಗುರುತಿಸಿದ್ದಾರೆ. ಮುಂದೆ ಕದಂಬರ ರಾಜಧಾನಿಯಾದ, ಹತ್ತನೆಯ ಶತಮಾನದಲ್ಲಿ ಪಂಪ ಹಂಬಲಿಸಿ ನೆನೆದ ಅದೇ ಬನವಾಸಿ.

ಸೆಟ್ಠಿ ಎಂದರೆ ವರ್ತಕ, ಶ್ರೇಷ್ಠಿ. ಇಂದಿನ ಯಾವುದೋ ಜಾತಿಗೆ ಅದನ್ನು ಅಂಟಿಸುವುದು ಬೇಡ. ವರದಾ ನದಿಯ ದಡದ ಊರಿನಿಂದ ವ್ಯಾಪಾರಕ್ಕೆಂದು ಸಹ್ಯಾದ್ರಿಯ ಈ ಘಾಟಿಯ ತನಕ ಬಂದು, ಸಂಪಾದಿಸಿದ್ದರಲ್ಲಿ ಒಂದು ಪಾಲನ್ನು ಪರವೂರಿನ ಬಂಡೆಗೆ ಸುರಿದು, ಕೊನೆಗೆ ತನ್ನ ಹೆಸರಿನ ಜೊತೆ ತನ್ನ ಊರಿನ ಹೆಸರನ್ನೂ ಬರೆಸಿದ ಮನುಷ್ಯ ಅವನು. ಹೊಟ್ಟೆಪಾಡಿಗೆ ಮುಂಬಯಿಗೆ ಬಂದು, ನೆಲೆ ಕಂಡ ಮೇಲೆ ಶಾಲೆ, ಆಸ್ಪತ್ರೆ, ದೇವಸ್ಥಾನ, ಸಭಾಗೃಹಗಳಿಗೆ ದಾನ ಕೊಟ್ಟು ಫಲಕದಲ್ಲಿ ಊರಿನ ಹೆಸರು ಬರೆಸಿದ ಕನ್ನಡಿಗರು ಎಷ್ಟು ಮಂದಿ ಇಲ್ಲ? ಅವರೆಲ್ಲರ ಹಿರಿಯನಂತೆ ಭೂತಪಾಲ ಕಾರ್ಲಾದಲ್ಲಿ ನಿಂತಿದ್ದಾನೆ. ಇದೇ ಚೈತ್ಯದ ಕಂಬಗಳಲ್ಲಿ ಧೇನುಕಾಕಟದ ಯವನರು ಕೊಟ್ಟ ದಾನವೂ, ಈಗ ನಾಲಾಸೋಪಾರಾ ಎನ್ನುವ ಸೋಪಾರಾದವರು ಕೊಟ್ಟ ದಾನವೂ ಬರೆದಿದೆ. ಒಂದು ಗುಡ್ಡಕ್ಕೆ ಹಲವು ಊರಿನವರು ಕೈಜೋಡಿಸಿದ್ದರು.

ಸಮಯ ಉಳಿದರೆ ಭಾಜೆಯ ಗುಹೆಗಳಿಗೂ ಹೋಗಬಹುದು; ಅವು ಕಾರ್ಲಾಕ್ಕಿಂತ ಹಳೆಯವು. ಅದರಾಚೆಯ ಲೋಹಗಡ 2025ರ ಜುಲೈಯಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮರಾಠರ 12 ಕೋಟೆಗಳಲ್ಲಿ ಒಂದು. ಆದರೆ ಎಲ್ಲವನ್ನೂ ಒಂದೇ ದಿನ ಮುಗಿಸುವ ಹಠ ಹಿರಿಯರಿಗೂ ಮಕ್ಕಳಿಗೂ ಒಳ್ಳೆಯದಲ್ಲ. ಇನ್ನೊಂದು ಅನುಕೂಲವೂ ಇದೆ. ಮಳವಲಿ ಪುಣೆಯವರಿಗೂ ಲೋಕಲ್ ರೈಲಿನ ದಾರಿ. ಮುಂಬಯಿಯಲ್ಲಿ ಅಣ್ಣ, ಪುಣೆಯಲ್ಲಿ ತಂಗಿ ಇರುವ ಕುಟುಂಬಗಳು ಅಲ್ಲಿಯೇ ಸೇರಿ, ಬುತ್ತಿ ಬಿಚ್ಚಿ ಒಟ್ಟಿಗೆ ಊಟ ಮಾಡಿ ಬರಬಹುದು.

ಅರ್ಧ ದಿನದ ಅಂಬರನಾಥ

ಇಡೀ ದಿನ ಬಿಡುವಿಲ್ಲದವರಿಗೆ, ಅದರಲ್ಲೂ ಥಾಣೆ, ಡೊಂಬಿವಲಿ, ಕಲ್ಯಾಣ್, ಬದ್ಲಾಪುರದವರಿಗೆ ಅಂಬರನಾಥದ ಶಿವಮಂದಿರ ಹತ್ತಿರ. ಸ್ಟೇಶನ್‌ನಿಂದ ಆಟೋದಲ್ಲಿ ಕೆಲವೇ ನಿಮಿಷ. ಶಕ 982, ಅಂದರೆ 1060ರ ಶಾಸನವಿರುವ ಈ ಗುಡಿ ಶಿಲಾಹಾರ ಅರಸ ಮುಮ್ಮುಣಿಯ ಕಾಲದ್ದು. ಕಾನ್ಹೇರಿಯಲ್ಲಿ ಅಮೋಘವರ್ಷನ ಸಾಮಂತನಾಗಿ ಕಾಣಿಸಿಕೊಂಡ ಕಪರ್ದಿಯ ವಂಶದವನೇ ಈತ. ರಾಷ್ಟ್ರಕೂಟರು ಹೋದ ಮೇಲೂ ಶಿಲಾಹಾರರು ಕೊಂಕಣವನ್ನು ಆಳಿದರು. ಕೊಲ್ಲಾಪುರದಲ್ಲಿ ಆಳಿದ ಇದೇ ಮನೆತನದ ಇನ್ನೊಂದು ಶಾಖೆಯವರ ಶಾಸನಗಳು ಕನ್ನಡದಲ್ಲೂ ಸಿಕ್ಕಿವೆ.

ಗುಡಿಯ ಹೊರಗೋಡೆಯ ಶಿಲ್ಪಗಳು ಅಂಗುಲ ಜಾಗವನ್ನೂ ಖಾಲಿ ಬಿಟ್ಟಿಲ್ಲ. ಗರ್ಭಗುಡಿಗೆ ಮೆಟ್ಟಿಲು ಹತ್ತಿ ಹೋಗುವುದಲ್ಲ, ಇಳಿದು ಹೋಗುವುದು. ಇಂದಿಗೂ ಪೂಜೆ ನಡೆಯುವ ದೇವಸ್ಥಾನವಾದ್ದರಿಂದ ಸೋಮವಾರಗಳಲ್ಲಿ, ಶಿವರಾತ್ರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶಿಲ್ಪ ನೋಡಬೇಕೆನ್ನುವವರು ಬೇರೆ ದಿನ ಬೆಳಿಗ್ಗೆ ಹೋಗುವುದು ಲೇಸು.

ಖರ್ಚೆಷ್ಟು, ತಯಾರಿ ಏನು?

ಈ ಯಾವ ತಾಣಕ್ಕೂ ಪ್ಯಾಕೇಜ್ ಟೂರ್ ಬೇಕಾಗಿಲ್ಲ. ರೈಲು, ಆಟೋ, ಪ್ರವೇಶ ಟಿಕೆಟು, ಘಾರಾಪುರಿಯಾದರೆ ದೋಣಿ. ಖರ್ಚಿನ ಬಾಬುಗಳು ಇಷ್ಟೇ. ಪುರಾತತ್ವ ಇಲಾಖೆಯ ತಾಣಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಕಾನ್ಹೇರಿಯಲ್ಲಿ ಮಾತ್ರ ಉದ್ಯಾನಕ್ಕೊಂದು, ಗುಹೆಗಳಿಗೊಂದು ಎಂದು ಎರಡು ಟಿಕೆಟ್. ನಾಲ್ಕು ಮಂದಿಯ ಕುಟುಂಬ ಮಾಲ್‌ಗೆ ಹೋಗಿ ಸಿನೆಮಾ ನೋಡಿ, ಅಲ್ಲಿಯೇ ತಿಂದು ಬರುವ ಖರ್ಚಿನೊಳಗೆ ಒಂದು ಕಾನ್ಹೇರಿ ಪ್ರವಾಸ ಮುಗಿದು ಹಣ ಉಳಿಯುತ್ತದೆ. ತಿಂಗಳಿಗಿಷ್ಟು ಎಂದು ಮಕ್ಕಳ ಕೈಯಲ್ಲೇ ಡಬ್ಬಿಗೆ ಹಾಕಿಸಿದರೆ ಅದು ಆ ಮನೆಯ ಅಕ್ಷಯನೀವಿ.

ಗಮನಿಸಬೇಕಾದ ಸಂಗತಿಗಳು ಕೆಲವಿವೆ. ಕಾನ್ಹೇರಿಗೂ ಘಾರಾಪುರಿಗೂ ಸೋಮವಾರ ರಜೆ. ರವಿವಾರ ರೈಲ್ವೆಯ ಮೆಗಾಬ್ಲಾಕ್ ಇರುತ್ತದೆ. ಹಿಂದಿನ ದಿನದ ಪತ್ರಿಕೆಯಲ್ಲಿ ನೋಡಿಕೊಂಡು, ಬ್ಲಾಕ್ ಆರಂಭವಾಗುವ ಮೊದಲೇ ತಲುಪುವಂತೆ ಹೊರಡಬೇಕು. ನೀರು ಮನೆಯಿಂದಲೇ ಇರಲಿ. ಚಿತ್ರಾನ್ನ, ಅವಲಕ್ಕಿ, ಇಡ್ಲಿ, ಮೊಸರನ್ನ, ಮಿಡಿ ಉಪ್ಪಿನಕಾಯಿ ಇದ್ದರೆ ಬೇರೇನು ಬೇಕು? ಆದರೆ ಕಾನ್ಹೇರಿಯಲ್ಲೂ ಘಾರಾಪುರಿಯಲ್ಲೂ ಮಂಗಗಳ ಕಾಟವಿದೆ. ಬುತ್ತಿಚೀಲ ಕೈಯಲ್ಲಿ ತೂಗಾಡುತ್ತಿದ್ದರೆ ಅದು ತಮ್ಮದೆಂದೇ ಅವು ತಿಳಿಯುತ್ತವೆ. ಮೊಣಕಾಲು ನೋವಿನವರು ಕಾನ್ಹೇರಿಯ ಮೇಲಿನ ಗುಹೆಗಳಿಗೆ ಏರುವ ಸಾಹಸ ಮಾಡದೆ ಕೆಳಗಿನವನ್ನಷ್ಟೇ ನೋಡಿ ತೃಪ್ತರಾಗಬಹುದು. ನವೆಂಬರಿನಿಂದ ಫೆಬ್ರವರಿ ತನಕ ಹವೆ ಹಿತವಾಗಿರುತ್ತದೆ.

ಮಳೆಗಾಲದ ಮಾತು ಬೇರೆ. ಸಹ್ಯಾದ್ರಿ ಹಸಿರುಟ್ಟು ನಿಲ್ಲುವುದು, ಕಲ್ಲುಕಲ್ಲಿನಲ್ಲೂ ನೀರು ಚಿಮ್ಮುವುದು ಆಗಲೇ. ಜನ ಮುಗಿಬೀಳುವುದೂ ಆಗಲೇ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಸಮೀಪದ ಜಲಪಾತದಲ್ಲಿ ನೀರು ಏಕಾಏಕಿ ಏರಿ, ಮಕ್ಕಳೂ ಸೇರಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. 2025ರ ಜೂನ್ 15ರಂದು ಪುಣೆ ಸಮೀಪದ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಸೇತುವೆ ಪ್ರವಾಸಿಗರ ಭಾರಕ್ಕೆ ಕುಸಿದು ನಾಲ್ವರು ಪ್ರಾಣ ಕಳಕೊಂಡರು. ಎರಡೂ ರವಿವಾರಗಳೇ. ಮನೆಯಿಂದ ಸಂತೋಷವಾಗಿ ಹೊರಟವರೇ. ಮಳೆಗಾಲದಲ್ಲಿ ನೀರನ್ನು ದೂರದಿಂದ ನೋಡಬೇಕು, ಇಳಿಯಬಾರದು. ಮೊಬೈಲಿನ ಫೋಟೋಕ್ಕಾಗಿ ಪಾಚಿಗಟ್ಟಿದ ಬಂಡೆಯ ಮೇಲೆ ನಿಲ್ಲಬಾರದು. ಮನೆಯ ಹಿರಿಯರು 'ಸಾಕು' ಎಂದರೆ ಅಲ್ಲಿಗೇ ಸಾಕು.

ದೋಣಿಗೂ ಇದೇ ಎಚ್ಚರ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದ್ದನ್ನು ಮುಂಬಯಿ ಮರೆತಿಲ್ಲ. ದೋಣಿ ಹತ್ತಿದ ಕೂಡಲೇ ಲೈಫ್ ಜಾಕೆಟ್ ಕೇಳಿ ತೊಟ್ಟುಕೊಳ್ಳುವುದರಲ್ಲಿ ನಾಚಿಕೆ ಪಡಬೇಕಾದ್ದಿಲ್ಲ. ಮಿತಿಮೀರಿ ತುಂಬಿದ ದೋಣಿಯಾದರೆ ಬಿಟ್ಟು, ಮುಂದಿನದಕ್ಕೆ ಕಾಯುವುದು ಉತ್ತಮ.

ಸಂಘ-ಸಂಸ್ಥೆಗಳು ಮನಸ್ಸು ಮಾಡಿದರೆ

ಮುಂಬಯಿಯ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ವಿಹಾರಕೂಟ ಏರ್ಪಡಿಸುವುದು ಹೊಸತೇನಲ್ಲ. ರಿಸಾರ್ಟಿನಲ್ಲಿ ಈಜು, ಹೌಸಿ, ಊಟ, ಬಹುಮಾನ ವಿತರಣೆ ಎಂದು ಆ ದಿನ ಮುಗಿಯುತ್ತದೆ. ಅದೂ ಇರಲಿ. ಅದರ ಜೊತೆಗೆ ವರ್ಷದಲ್ಲಿ ಒಂದು ಬಾರಿಯಾದರೂ ಮಕ್ಕಳನ್ನು ಕಾನ್ಹೇರಿಗೋ ಕಾರ್ಲಾಕ್ಕೋ ಕರೆದೊಯ್ದು, ಇತಿಹಾಸ ಬಲ್ಲವರೊಬ್ಬರಿಂದ ಕನ್ನಡದಲ್ಲಿ ಅರ್ಧ ಗಂಟೆ ಮಾತಾಡಿಸಿದರೆ ರಾಜ್ಯೋತ್ಸವದ ಹತ್ತು ಭಾಷಣಗಳಿಗಿಂತ ಅದು ಹೆಚ್ಚು ಕಾಲ ಉಳಿದೀತು. ನೃಪತುಂಗ ಎಂಬ ಹೆಸರನ್ನು ವೇದಿಕೆಯಿಂದ ಕೇಳುವುದು ಬೇರೆ, ಅವನ ಕಾಲದ ಕಲ್ಲಿನ ಮುಂದೆ ನಿಂತು ಕೇಳುವುದು ಬೇರೆ.

ಮನೆಯಲ್ಲಿ ಮಾಡಬಹುದಾದ ಕೆಲಸವೂ ಇದೆ. ಮುಂಬಯಿಯಲ್ಲಿ ಹುಟ್ಟಿದ ಅನೇಕ ಮಕ್ಕಳಿಗೆ ತುಳುವೋ ಕನ್ನಡವೋ ಮಾತಾಡಲು ಬರುತ್ತದೆ, ಓದಲು ಬರೆಯಲು ಬರುವುದಿಲ್ಲ. ಒಂದು ಪ್ರವಾಸಕ್ಕೆ ಒಂದು ಪುಟದಂತೆ ಕನ್ನಡದಲ್ಲಿ ಬರೆಯುವ ಅಭ್ಯಾಸ ಮಾಡಿಸಿದರೆ, ಹನ್ನೆರಡು ಪ್ರವಾಸಗಳಾಗುವಾಗ ಹನ್ನೆರಡು ಪುಟ ಬರೆಯಬಲ್ಲ ಮಗು ಮನೆಯಲ್ಲಿರುತ್ತದೆ.

ಡೊಂಬಿವಲಿಯ ಆ ಮನೆಯಲ್ಲಿ ನಡೆದದ್ದೂ ಇದೇ. ಅಂದು ಬೆಳಿಗ್ಗೆ ಅಜ್ಜ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಾವು ದುಡಿದ ಹೊಟೇಲಿನ ಮುಂದಿನಿಂದಲೇ ಗೇಟ್‌ವೇಗೆ ನಡೆದರು. ಹೊಟೇಲಿನ ಬೋರ್ಡು ಬದಲಾಗಿತ್ತು, ಒಳಗೆ ಪರಿಚಯದವರು ಯಾರೂ ಇರಲಿಲ್ಲ. ದೋಣಿ ದಡ ಬಿಟ್ಟ ಮೇಲೆ ತುಂಬ ಹೊತ್ತು ಹಿಂದಿರುಗಿ ಫೋರ್ಟಿನ ಕಡೆಗೇ ನೋಡುತ್ತಿದ್ದರು. ಮೆಟ್ಟಿಲುಗಳ ಬುಡದಲ್ಲಿ ಮಗ ಕುರ್ಚಿಯವರನ್ನು ಕರೆದಾಗ ಮೊದಲು ಒಪ್ಪಲಿಲ್ಲ. "ಮನುಷ್ಯರ ಹೆಗಲ ಮೇಲೆ ಕೂತ್ಕಂಡ್ ದೇವರ ಹತ್ರ ಹೋಪುದಾ?" ಎಂದರು. ನಲವತ್ತು ಮೆಟ್ಟಿಲು ಏರುವಷ್ಟರಲ್ಲಿ ಕಾಲು ಸೋತಿತು. ಉಳಿದದ್ದನ್ನು ಕುರ್ಚಿಯಲ್ಲೇ ಹೋದರು. ಇಳಿದವರೇ ಹೊತ್ತವರ ಕೈಗೆ ಮಾತಾಡಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹಣ ಇಟ್ಟು, ಚಹಾ ಕುಡಿದು ಹೋಗುವಂತೆ ಹೇಳಿದರು.

ಗುಹೆಯಲ್ಲಿ ರಾವಣನ ಶಿಲ್ಪದ ಮುಂದೆ ಮೊಮ್ಮಗನನ್ನು ನಿಲ್ಲಿಸಿಕೊಂಡು, ಊರಿನ ಬಯಲಾಟದಲ್ಲಿ ರಾವಣ ಹೇಗೆ ರಂಗಕ್ಕೆ ಬರುತ್ತಿದ್ದನೆಂದು ಕೈ ಎತ್ತಿ ತೋರಿಸಿದರಂತೆ. ಮಗ ಹೇಳುವ ಪ್ರಕಾರ, ಮೂವತ್ತು ವರ್ಷಗಳಲ್ಲಿ ತಂದೆ ಇಷ್ಟು ಮಾತಾಡಿದ್ದನ್ನು ಅವರು ಕಂಡದ್ದೇ ಇಲ್ಲ.

ಮನೆಗೆ ಬಂದ ಮೇಲೆ ಹುಡುಗ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕನ್ನಡದಲ್ಲಿ 'ಗಾರಪುರಿ' ಎಂದು ಬರೆದ. ಅಜ್ಜ ಕನ್ನಡಕ ಏರಿಸಿ, ರಾತ್ರಿಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ ಅದರ ಕೆಳಗೆ 'ಘಾರಾಪುರಿ' ಎಂದು ತಿದ್ದಿ ಬರೆದುಕೊಟ್ಟರು. ಎರಡನೆಯ ಪುಟದಲ್ಲಿ ಈಗ ಕಾನ್ಹೇರಿ ಇದೆ. ಮೂರನೆಯ ಪುಟದಲ್ಲಿ 'ಕಾರ್ಲಾ' ಎಂಬ ಹೆಸರು ಮಾತ್ರ ಬರೆದು, ಕೆಳಗೆ ಜಾಗ ಬಿಟ್ಟಿದೆ.